ದುಡ್ಡು ಕೊಟ್ಟು ಸ್ಕ್ರಿಪ್ಟ್ ಓದಿಸಿದರೆ ಪ್ರಯೋಜನ ಉಂಟಾ?

ಸುವರ್ಣಾ_ತೀರ

ಎಲ್ಲರಿಗೂ ನಮಸ್ಕಾರ. ನಾನು ಬ್ರಹ್ಮಾವರದವಳು, ಕೆಲಸ ಮಣಿಪಾಲದಲ್ಲಿ. ಮೊದಲ ಚಿತ್ರಕಥೆ ಬರೆದು ಮುಗಿಸಿದ್ದೇನೆ. ಬರೆದದ್ದು ಕನ್ನಡದಲ್ಲಿ, ಮನೆಯೊಳಗಿನ ಮಾತು ಬಹುಪಾಲು ತುಳು. ಒಂದು ಕುಟುಂಬದ ಮನೆ ಪಾಲಾಗುವ ಕಥೆ. ಮನೆ ಅಜ್ಜಿಯ ಕಡೆಯಿಂದ ಬಂದದ್ದು, ಆದರೆ ಮಾತು ನಡೆಯುವುದು ಅವಳ ತಮ್ಮನದ್ದು. ಅಳಿಯಕಟ್ಟು, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ ಪದ್ಧತಿ, ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು.

ಸಿನಿಮಾದಲ್ಲಿ ನನಗೆ ಯಾರ ಪರಿಚಯವೂ ಇಲ್ಲ. ಮನೆಯವರು, ಗೆಳತಿಯರು ಓದಿ "ಲಾಯ್ಕ ಉಂಟು" ಅಂದರು. ಖುಷಿ ಆಯಿತು. ಆದರೆ ಯಾವ ಸೀನ್ ನಿಲ್ಲುತ್ತದೆ, ಯಾವುದು ಬೀಳುತ್ತದೆ ಅಂತ ಯಾರೂ ಹೇಳಲಿಲ್ಲ. ಹಾಗಾಗಿ ದುಡ್ಡು ಕೊಟ್ಟು ಓದಿಸುವ ದಾರಿ ಹುಡುಕಿದೆ. ಒಂದು ಅಮೆರಿಕದ ವೆಬ್‌ಸೈಟ್, 100 ಡಾಲರ್. ಇನ್ನೊಂದು ಮುಂಬೈಯಲ್ಲಿ ಒಬ್ಬರೇ ಓದಿ ರಿಪೋರ್ಟ್ ಬರೆದುಕೊಡುವವರು. ಮೂರನೆಯದು ಬೆಂಗಳೂರಿನ ಒಬ್ಬರು. ಅವರು 25 ಸಾವಿರ ಕೇಳುತ್ತಾರೆ, ಓದಿ ತಿದ್ದಿಸಿ "ಇಬ್ಬರು ಪ್ರೊಡ್ಯೂಸರ್‌ಗೆ ತಲುಪಿಸುತ್ತೇನೆ" ಅನ್ನುತ್ತಾರೆ.

ಇದರಲ್ಲಿ ಯಾವುದೂ ನನ್ನ ಸಂಬಳಕ್ಕೆ ಸಣ್ಣ ಮೊತ್ತ ಅಲ್ಲ. ನಿಮ್ಮಲ್ಲಿ ಯಾರಾದರೂ ಕೊಟ್ಟು ನೋಡಿದ್ದೀರಾ? ಅದರಿಂದ ಸ್ಕ್ರಿಪ್ಟ್ ನಿಜವಾಗಿ ಸುಧಾರಿಸಿತಾ?

ಕಾಪು_ಲೈಟ್‌ಹೌಸ್

ಮೂರನೆಯದನ್ನು ಈಗಲೇ ಬಿಡಿ ಮೇಡಂ. ನಾನು ಸಹಾಯಕ ನಿರ್ದೇಶಕನಾಗಿ ಕೆಲಸ ಮಾಡುತ್ತೇನೆ, ಇಂಥ ಆಸೆ ತೋರಿಸುವವರನ್ನು ಹತ್ತಿರದಿಂದ ನೋಡಿದ್ದೇನೆ. ಪ್ರೊಡ್ಯೂಸರ್ ಹತ್ತಿರ ನಿಜವಾಗಿ ಹೋಗಬಲ್ಲವನಿಗೆ ಒಳ್ಳೆ ಕಥೆ ಸಿಕ್ಕಿದರೆ ತಾನೇ ಓಡಿಹೋಗಿ ಹೇಳುತ್ತಾನೆ. ಆ ಸಿನಿಮಾ ಆದರೆ ಅವನಿಗೂ ಅದರಲ್ಲಿ ಕೆಲಸ ಉಂಟಲ್ವಾ? ಬರೆದವರ ಕೈಯಿಂದ ಮೊದಲೇ ದುಡ್ಡು ತೆಗೆದುಕೊಂಡವನಿಗೆ ಸಿನಿಮಾ ಆಗಲೇಬೇಕು ಅಂತ ಇಲ್ಲ. ಅವನ ಸಂಪಾದನೆ ಅಲ್ಲಿಗೇ ಮುಗಿಯಿತು.

ಇನ್ನೊಂದು ಮಾತು. ನಮ್ಮ ಕಡೆ ಪ್ರೊಡ್ಯೂಸರ್ ಸ್ಕ್ರಿಪ್ಟ್ ಓದುವುದು ಕಡಿಮೆ. ಕಥೆ ಕೇಳುತ್ತಾರೆ. ಎದುರು ಕೂತು ಒಂದೂವರೆ, ಎರಡು ಗಂಟೆ ನೀವು ಕಥೆ ಹೇಳಬೇಕು. ನಡುವೆ ಅವರಿಗೆ ಫೋನ್ ಬರುತ್ತದೆ, ಚಾ ಬರುತ್ತದೆ. ಬಿಟ್ಟಲ್ಲಿಂದ ಮತ್ತೆ ಶುರು ಮಾಡಬೇಕು. ಅಮೆರಿಕದವರು ಹತ್ತಕ್ಕೆ ಎಂಟು ಕೊಟ್ಟಿದ್ದಾರೆ ಅಂತ ಅವರ ಎದುರು ಕಾಗದ ಇಟ್ಟರೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ರಿಪೋರ್ಟ್ ಬೇಕಾದರೆ ತೆಗೆದುಕೊಳ್ಳಿ, ಆದರೆ ನಿಮಗೋಸ್ಕರ. ಬೇರೆಯವರಿಗೆ ತೋರಿಸಲಿಕ್ಕೆ ಅಲ್ಲ.

ಎರಡನೇ_ಓದು

ಈ ವಿಷಯದಲ್ಲಿ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ನನ್ನ ಹೊಟ್ಟೆಪಾಡು. ಮಣಿಪಾಲದಲ್ಲಿ ಕೂತು ಮುಂಬೈಯ ನಿರ್ಮಾಣ ಕಂಪನಿಗಳಿಗೆ ಸ್ಕ್ರಿಪ್ಟ್ ಓದಿ ಕೊಡುತ್ತೇನೆ. ಬರಹಗಾರರಿಗೂ ಓದಿಕೊಟ್ಟಿದ್ದೇನೆ.

ಮೊದಲು ಈ ಕವರೇಜ್, ಅಂದರೆ ಸ್ಕ್ರಿಪ್ಟ್ ಓದಿ ಬರೆದುಕೊಡುವ ರಿಪೋರ್ಟ್, ಅನ್ನುವುದು ಎಲ್ಲಿಂದ ಬಂತು ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಹಾಲಿವುಡ್ ಸ್ಟುಡಿಯೋಗಳಿಗೆ ಬರುವ ಸ್ಕ್ರಿಪ್ಟುಗಳ ರಾಶಿಯನ್ನು ದೊಡ್ಡವರು ಓದಲಿಕ್ಕೆ ಸಾಧ್ಯವೇ ಇಲ್ಲ. ಅದಕ್ಕೆ ಓದುವವರನ್ನು ಇಟ್ಟುಕೊಂಡರು. ಓದಿದವರು ಒಂದು ಸಾಲಿನಲ್ಲಿ ಕಥೆ ಏನು ಅಂತ ಹೇಳಬೇಕು, ಅದು ಲಾಗ್‌ಲೈನ್. ಒಂದೆರಡು ಪುಟದಲ್ಲಿ ಪೂರ್ತಿ ಕಥೆಯ ಸಾರಾಂಶ. ಆಮೇಲೆ ಅಭಿಪ್ರಾಯ. ಕೊನೆಗೆ ಮೂರರಲ್ಲಿ ಒಂದು ತೀರ್ಪು: ಪಾಸ್, ಕನ್ಸಿಡರ್, ರೆಕಮೆಂಡ್. ಅಲ್ಲಿ ಪಾಸ್ ಅಂದರೆ ಬೇಡ ಅಂತ. ಹೆಚ್ಚಿನ ಸ್ಕ್ರಿಪ್ಟಿಗೆ ಸಿಗುವುದು ಅದೇ. ಈ ಕಾಗದ ಹುಟ್ಟಿದ್ದು ಕೊಳ್ಳುವವರ ಸಮಯ ಉಳಿಸಲಿಕ್ಕೆ. ಬರೆದವರಿಗೆ ಕಲಿಸಲಿಕ್ಕೆ ಅಲ್ಲ. ಈಗ ಅದೇ ಕಾಗದವನ್ನು ಬರೆದವರಿಗೆ ಮಾರುತ್ತಾರೆ. ತೆಗೆದುಕೊಳ್ಳಬಾರದು ಅಂತ ಹೇಳುತ್ತಿಲ್ಲ. ಅದರಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಗೊತ್ತಿರಲಿ.

ಆ ಅಮೆರಿಕದ ವೆಬ್‌ಸೈಟ್ ಬ್ಲ್ಯಾಕ್ ಲಿಸ್ಟ್ ಇರಬೇಕು. ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿ ಉಂಟು, ಜನ ಒಂದೇ ಅಂದುಕೊಳ್ಳುತ್ತಾರೆ. 2005ರಲ್ಲಿ ಫ್ರಾಂಕ್ಲಿನ್ ಲೆನರ್ಡ್ ಎನ್ನುವವರು ಹಾಲಿವುಡ್ ಕಂಪನಿಗಳ ಅಧಿಕಾರಿಗಳನ್ನು ಕೇಳಿ, ಅವರಿಗೆ ಇಷ್ಟವಾದ ಆದರೆ ಇನ್ನೂ ಸಿನಿಮಾ ಆಗದ ಸ್ಕ್ರಿಪ್ಟುಗಳ ಪಟ್ಟಿ ಮಾಡಿದರು. ಅದು ವರ್ಷ ವರ್ಷ ಬರುತ್ತದೆ, ದುಡ್ಡು ಕೊಟ್ಟು ಅದರಲ್ಲಿ ಸೇರಲು ಆಗುವುದಿಲ್ಲ. ದುಡ್ಡು ಕೊಟ್ಟು ಸ್ಕ್ರಿಪ್ಟ್ ಹಾಕುವ ವೆಬ್‌ಸೈಟ್ ಶುರುವಾದದ್ದು 2012ರಲ್ಲಿ. ಅಲ್ಲಿ ಒಂದು ಓದಿಗೆ 100 ಡಾಲರ್ ಮಾತ್ರ ಅಲ್ಲ, ಸ್ಕ್ರಿಪ್ಟ್ ಅಲ್ಲಿ ಇಟ್ಟಿರಲಿಕ್ಕೆ ತಿಂಗಳಿಗೆ 30 ಡಾಲರ್ ಬೇರೆ. ಎರಡೂ ಸೇರಿದರೆ ಹತ್ತು ಸಾವಿರ ರೂಪಾಯಿ ದಾಟುತ್ತದೆ, ಕಾರ್ಡಿನ ಚಾರ್ಜು ಅದರ ಮೇಲೆ. ಹತ್ತರಲ್ಲಿ ಅಂಕ ಕೊಡುತ್ತಾರೆ. ಎಂಟು ಬಂದರೆ ಅಲ್ಲಿಯ ಇಂಡಸ್ಟ್ರಿಯವರ ಕಣ್ಣಿಗೆ ಬೀಳುವ ಸಂಭವ ಉಂಟು. ಆದರೆ ಓದುವವರು ಯಾರು ಅಂತ ನಿಮಗೆ ಗೊತ್ತಾಗುವುದಿಲ್ಲ. ಒಂದೇ ಸ್ಕ್ರಿಪ್ಟಿಗೆ ಒಬ್ಬರಿಂದ ಎಂಟು, ಇನ್ನೊಬ್ಬರಿಂದ ಐದು ಬರುವುದು ಸಾಮಾನ್ಯ. ಓದುವುದು ಮನುಷ್ಯರು, ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸಬೇಕಂತ ಇಲ್ಲ. ಲಾಸ್ ಏಂಜಲೀಸಿನ ಮಾರುಕಟ್ಟೆಗೆ ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದರಿಂದ ಉಪಯೋಗ ಆಗಬಹುದು. ನಿಮ್ಮ ಕಥೆಗೆ ಅಲ್ಲಿ ಗಿರಾಕಿ ಯಾರು ಹೇಳಿ?

ಈಗ ನಾನು ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಯಾರ ಹತ್ತಿರವೇ ರಿಪೋರ್ಟ್ ತೆಗೆದುಕೊಳ್ಳಿ, ಕೈಗೆ ಬಂದ ಕೂಡಲೇ ಎಲ್ಲರೂ ಹೋಗಿ ನೋಡುವುದು ಅಂಕ. ಆಮೇಲೆ ಹೊಗಳಿಕೆ. ಆಮೇಲೆ ಬೈಗುಳ. ಸಾರಾಂಶವನ್ನು ಬಿಟ್ಟೇಬಿಡುತ್ತಾರೆ, "ಕಥೆ ನಾನೇ ಬರೆದದ್ದು, ನನಗೆ ಗೊತ್ತಿಲ್ವಾ" ಅಂತ. ನೀವು ಕೊಟ್ಟ ದುಡ್ಡಿಗೆ ಸಿಕ್ಕ ಅತಿ ಬೆಲೆಯ ವಸ್ತು ಆ ಸಾರಾಂಶವೇ. ನಿಮ್ಮನ್ನು ಕಂಡರಿಯದ ಒಬ್ಬರಿಗೆ ಕಾಗದದಿಂದ ಏನು ತಲುಪಿತು ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನು ಸಾಲು ಸಾಲಾಗಿ ಓದಿ. ಎಲ್ಲಿ ನಿಮ್ಮ ಕಥೆ ಬೇರೆಯಾಗಿ ಕೇಳುತ್ತದೆ? ನಿಮಗೆ ಮುಖ್ಯ ಅನ್ನಿಸಿದ ಯಾವ ಸೀನ್ ಅದರಲ್ಲಿ ಬರಲೇ ಇಲ್ಲ? ಯಾವ ಪಾತ್ರದ ಹೆಸರೇ ಇಲ್ಲ? ಅಭಿಪ್ರಾಯದ ಜತೆ ಜಗಳ ಮಾಡಬಹುದು. ಸಾರಾಂಶದ ಜತೆ ಆಗುವುದಿಲ್ಲ.

ದಕ್ಕೆ_ಬದಿ

ಮೇಲಿನವರು ಹೇಳಿದ್ದಕ್ಕೆ ನನ್ನ ಹತ್ತಿರ ಸರಿಯಾದ ಉದಾಹರಣೆ ಉಂಟು.

ನನ್ನ ಸ್ಕ್ರಿಪ್ಟ್ ಮಲ್ಪೆಯದ್ದು. ನಾಯಕ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವ. ಸಾಲ ಉಂಟು, ತಂಗಿ ಮದುವೆ ಉಂಟು. ಜೂನ್ ಬರುತ್ತದೆ, ದುಡ್ಡಿನ ದಾರಿ ಮುಚ್ಚುತ್ತದೆ. ಜುಲೈಯಲ್ಲಿ ಅವನು ಬೇರೆಯವರ ನಾಡದೋಣಿಯಲ್ಲಿ ಕಡಲಿಗೆ ಇಳಿಯುತ್ತಾನೆ, ಅಲ್ಲಿಂದ ಕಥೆ ತಿರುಗುತ್ತದೆ. ಇಂಗ್ಲಿಷಿಗೆ ಮಾಡಿಸಿ ಮುಂಬೈಯ ಒಬ್ಬರಿಗೆ ದುಡ್ಡು ಕೊಟ್ಟು ಓದಿಸಿದೆ. ರಿಪೋರ್ಟಿನ ಸಾರಾಂಶದಲ್ಲಿ ಒಂದು ಸಾಲು ಹೀಗಿತ್ತು: "ನಾಯಕ ಎರಡು ತಿಂಗಳು ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾನೆ." ಅಭಿಪ್ರಾಯದಲ್ಲಿ ಮುಂದುವರಿಸಿ, ಇಷ್ಟು ಸಾಲ ಇರುವವನು ಯಾಕೆ ಸೋಮಾರಿಯಾಗಿದ್ದಾನೆ, ಇವನ ಮೇಲೆ ನೋಡುವವರಿಗೆ ಕನಿಕರ ಹುಟ್ಟುವುದಿಲ್ಲ ಅಂತ.

ನಮಗೆಲ್ಲ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿವಸ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಸರಕಾರದ ನಿಷೇಧ. ನಾಡದೋಣಿಗೆ ಮಾತ್ರ ಅವಕಾಶ. ಮಲ್ಪೆಯ ಮಗುವಿಗೂ ಗೊತ್ತಿರುವ ಈ ವಿಷಯ ನನ್ನ ಸ್ಕ್ರಿಪ್ಟಿನಲ್ಲಿ ಇದ್ದದ್ದು ಒಂದೇ ಒಂದು ಮಾತಿನಲ್ಲಿ: "ರಜೆ ಶುರುವಾಯಿತಲ್ಲ." ಹೊರಗಿನವರಿಗೆ ಅದು ಶಾಲೆಯ ರಜೆಯ ಹಾಗೆ ಕೇಳಿದರೆ ಅವರನ್ನು ದೂರುವುದು ಹೇಗೆ?

ಹಾಗಂತ ಪಾತ್ರದ ಬಾಯಲ್ಲಿ ಸರಕಾರಿ ಆದೇಶ ಓದಿಸುವುದು ಬೇಡ ಅನ್ನಿಸಿತು. ಬದಲಿಗೆ ಒಂದು ಸೀನ್ ಹಾಕಿದೆ. ಮೇ 31ರ ಸಂಜೆ. ಕೊನೆಯ ಬೋಟು ಬಂದರಿನ ಒಳಗೆ ಬರುತ್ತದೆ. ಕಟ್ಟಲು ಜಾಗ ಇಲ್ಲ, ಬೋಟಿಗೆ ಬೋಟು ತಾಗಿ ನಿಂತಿವೆ. ನಾಯಕ ತನ್ನ ಬೋಟಿನಿಂದ ಇಳಿದು ದಡಕ್ಕೆ ಬರಬೇಕಾದರೆ ಬೇರೆಯವರ ಬೋಟುಗಳ ಮೇಲೆಯೇ ದಾಟಿ ಬರಬೇಕು. ಅವನು ದಾಟುವಾಗ ಪ್ರತಿ ಬೋಟಿನಲ್ಲೂ ಬಲೆ ಬಿಚ್ಚುತ್ತಿದ್ದಾರೆ, ಸುತ್ತುತ್ತಿದ್ದಾರೆ. ಒಡಿಶಾದಿಂದ ಬಂದ ಕಲಾಸಿಗಳು (ಬೋಟಿನ ಕೆಲಸದವರು) ಬ್ಯಾಗು ಹೆಗಲಿಗೆ ಹಾಕಿ ರೈಲಿಗೆ ಹೊರಟು ನಿಂತಿದ್ದಾರೆ. ಐಸ್ ಪ್ಲಾಂಟಿನ ಹುಡುಗ ಬಾಗಿಲು ಎಳೆಯುತ್ತಾನೆ. ಬೋಟಿನ ಯಜಮಾನ ಪುಸ್ತಕ ತೆರೆದು ಲೆಕ್ಕ ಮುಗಿಸುತ್ತಾನೆ, ನಾಯಕನ ಕೈಗೆ ಬಂದ ನೋಟುಗಳನ್ನು ಅವನು ಎರಡು ಸಲ ಎಣಿಸುತ್ತಾನೆ. ಅಷ್ಟೇ. ನಿಷೇಧ ಅನ್ನುವ ಮಾತು ಎಲ್ಲೂ ಇಲ್ಲ.

ಆ ಸೀನ್ ಈಗ ಇಡೀ ಸ್ಕ್ರಿಪ್ಟಿನಲ್ಲಿ ನನಗೆ ಅತ್ಯಂತ ಇಷ್ಟದ್ದು. ಹೊರಗಿನವರಿಗೆ ಅರ್ಥ ಮಾಡಿಸಲಿಕ್ಕೆ ಬರೆದದ್ದು, ಮಲ್ಪೆಯವರಿಗೆ ತೋರಿಸಿದರೆ ಅವರಿಗೇ ಹೆಚ್ಚು ಹಿಡಿಸಿತು. ಆ ರಿಪೋರ್ಟಿನ ಉಳಿದ ಸಲಹೆಗಳಲ್ಲಿ ಬಹಳಷ್ಟನ್ನು ನಾನು ತೆಗೆದುಕೊಳ್ಳಲಿಲ್ಲ. ನಾಯಕಿಯನ್ನು ಮೊದಲ ಹತ್ತು ಪುಟದೊಳಗೆ ತರಬೇಕು, ವಿಲನ್ ಇನ್ನೂ ಗಟ್ಟಿಯಾಗಬೇಕು ಅಂತೆಲ್ಲ ಇತ್ತು. ಅದು ಯಾವ ಸ್ಕ್ರಿಪ್ಟಿಗೂ ಬರೆಯಬಹುದಾದ ಮಾತು. ಆ ಒಂದು ತಪ್ಪು ಸಾಲಿಗಾಗಿ ಕೊಟ್ಟ ದುಡ್ಡು ಸಾರ್ಥಕ ಅಂತ ನನ್ನ ಲೆಕ್ಕ.

ರಂಗಸ್ಥಳ_ಕುಡ್ಲ

ಓದಿ ಸಂತೋಷ ಆಯಿತು. ಆ ಬಂದರಿನ ಸೀನ್ ಬಹಳ ಚಂದ ಉಂಟು ತಮ್ಮಾ. ಆದರೂ ನನಗೆ ಒಂದು ತಕರಾರು ಉಂಟು, ಹೇಳಿಬಿಡುತ್ತೇನೆ.

ನಾನು ನಾಟಕದವ. ತುಳು ನಾಟಕ ಬರೆದು, ಆಡಿಸಿ, ಬಣ್ಣ ಹಚ್ಚಿ ಜೀವನ ಕಳೆದವ. ನಮ್ಮಲ್ಲಿ ನಾಟಕ ಬರೆದವನು ಮೊದಲ ಪ್ರಯೋಗದ ದಿನ ರಂಗದ ಮೇಲೆ ನೋಡುವುದಿಲ್ಲ, ಜನರನ್ನು ನೋಡುತ್ತಾನೆ. ಎಲ್ಲಿ ನಗಬೇಕೋ ಅಲ್ಲಿ ನಗಲಿಲ್ಲ, ಎಲ್ಲಿ ಅಳಬೇಕೋ ಅಲ್ಲಿ ಒಬ್ಬ ಎದ್ದು ಕಡ್ಲೆ ತರಲು ಹೋದ, ಇದೆಲ್ಲ ಅಲ್ಲೇ ಗೊತ್ತಾಗುತ್ತದೆ. ಮರುದಿನ ರಿಹರ್ಸಲಿಗೆ ಬಂದಾಗ ಆ ಮಾತು ಕಟ್. ಮಳೆ ಬಿಟ್ಟ ಮೇಲೆ ಶುರುವಾದ ನಾಟಕ ಬೇಸಿಗೆಯ ಹೊತ್ತಿಗೆ ಬೇರೆಯೇ ನಾಟಕ ಆಗಿರುತ್ತದೆ. ಅದಕ್ಕೆ ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ.

ಈ ಊರಿನಲ್ಲಿ ಮಾತಿನ ಕಿವಿ ಇರುವ ಜನ ಎಷ್ಟಿದ್ದಾರೆ ನೋಡಿ. ತಾಳಮದ್ದಳೆ ಕೇಳಿ ಬೆಳೆದವರು, ಉಡುಪಿಯ ನಾಟಕ ಸ್ಪರ್ಧೆಗೆ ಪ್ರತಿ ವರ್ಷ ಬಂದು ಕೂರುವವರು, ಮೇಳದ ಆಟ ಬೆಳಗಿನವರೆಗೆ ನೋಡುವವರು. ಒಂದು ಆದಿತ್ಯವಾರ ಇಂಥ ಆರೇಳು ಜನರನ್ನು ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು ಜೋರಾಗಿ ಓದಿಸಿದರೆ ಎರಡೂವರೆ ಗಂಟೆಯಲ್ಲಿ ನಿಮ್ಮ ಸ್ಕ್ರಿಪ್ಟ್ ಏನು ಅಂತ ತಿಳಿಯುತ್ತದೆ. ಓದುವವನ ನಾಲಿಗೆ ಎಡವಿದಲ್ಲೆಲ್ಲ ಮಾತು ಸರಿ ಇಲ್ಲ ಅಂತ ಲೆಕ್ಕ. ಮೊದಲು ಇದನ್ನು ಮಾಡದೆ ಮುಂಬೈಗೆ ದುಡ್ಡು ಕಳಿಸುವುದು ಯಾಕೆ ಮಗಳೇ?

ದಕ್ಕೆ_ಬದಿ

ಅಣ್ಣ, ಜೋರಾಗಿ ಓದಿಸುವುದು ಒಳ್ಳೆಯದೇ. ಆದರೆ ಅದರಲ್ಲಿ ಮಾತು ಸರಿಯಾಗುತ್ತದೆ, ಸಿನಿಮಾ ಸರಿಯಾಗುವುದಿಲ್ಲ. ನನ್ನ ಆ ಬಂದರಿನ ಸೀನಿನಲ್ಲಿ ಒಂದೂ ಮಾತಿಲ್ಲ. ಕೂತು ಓದಿಸಿದರೆ ಆ ಜಾಗದಲ್ಲಿ ಎಲ್ಲರೂ ಸುಮ್ನೆ ಕಾಯಬೇಕು. ನಾಟಕದವರು ಕೇಳಿದರೆ ಅಲ್ಲಿ ಒಂದು ಡೈಲಾಗ್ ಬೇಕು ಅನ್ನುತ್ತಾರೆ. ಮತ್ತೆ ನಮ್ಮೂರಿನ ಆರೇಳು ಜನ ಕೂತರೆ "ರಜೆ ಶುರುವಾಯಿತಲ್ಲ" ಅಂದ ಕೂಡಲೇ ಎಲ್ಲರಿಗೂ ಅರ್ಥ ಆಗುತ್ತದೆ. ಆ ತೂತು ಇಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ರಂಗಸ್ಥಳ_ಕುಡ್ಲ

ಮಾತಿಲ್ಲದ ಸೀನ್ ಓದಲು ಒಬ್ಬನನ್ನು ಇಡಿ. ಅವನು ನಿಧಾನ ಓದಲಿ, ಕೇಳುವವರು ಕಣ್ಣು ಮುಚ್ಚಿ ನೋಡಲಿ. ನೋಡಿದ್ದನ್ನು ಆಮೇಲೆ ಅವರ ಬಾಯಲ್ಲಿ ಹೇಳಿಸಿ. ಹೊರಗಿನ ಕಿವಿ ಬೇಕು ಅನ್ನುವ ಮಾತು ಒಪ್ಪಿದೆ. ಘಟ್ಟದ ಮೇಲಿನವರು ಒಬ್ಬರನ್ನು ಕರೆಯಿರಿ. ಮಂಗಳೂರಿನಲ್ಲಿ ಓದಲು ಬಂದ ಧಾರವಾಡ, ಹಾಸನದ ಮಕ್ಕಳು ಬೇಕಾದಷ್ಟು ಇದ್ದಾರೆ. ಕಡಲಿನ ವಿಷಯ ಅವರಿಗೂ ಹೊಸತೇ.

ಎರಡನೇ_ಓದು

ಇದು ಒಳ್ಳೆ ಉಪಾಯ. ಹೊರಗಿನ ಓದುಗ ಅಂದರೆ ಮುಂಬೈಯೇ ಆಗಬೇಕಂತ ಇಲ್ಲ, ಹಾವೇರಿ ಸಾಕು.

ಆದರೆ ಸ್ನೇಹಿತರು ಓದುವುದಕ್ಕೂ ದುಡ್ಡು ತೆಗೆದುಕೊಂಡು ಓದುವುದಕ್ಕೂ ಒಂದು ವ್ಯತ್ಯಾಸ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ನಾನು ವಾರಕ್ಕೆ ಬಹಳ ಸ್ಕ್ರಿಪ್ಟ್ ಓದುತ್ತೇನೆ. ಯಾವ ತಿರುವು ನೂರು ಜನ ಬರೆಯುತ್ತಾರೆ, ಇಂಟರ್ವಲ್ ಎಲ್ಲಿ ಕುಸಿಯುತ್ತದೆ, ಇಪ್ಪತ್ತನೇ ಪುಟದ ಹೊತ್ತಿಗೆ ಯಾಕೆ ಬೇಸರ ಬರುತ್ತದೆ, ಇದು ಓದಿ ಓದಿ ಬರುವ ಕಣ್ಣು. ಅದಕ್ಕೆ ಬೆಲೆ ಕೊಡುವುದು ತಪ್ಪಲ್ಲ. ಆದರೆ ಬೇರೆ ಯಾವ ದಾರಿಯಲ್ಲೂ ಗೊತ್ತಾಗದ್ದನ್ನು ಕೇಳಲು ಮಾತ್ರ ದುಡ್ಡು ಕೊಡಿ. ಉಚಿತವಾಗಿ ಸರಿಯಾಗುವುದೆಲ್ಲ ಸರಿಯಾದ ಮೇಲೆ ಕೊಡಿ. ಕಾಗುಣಿತ, ಸೀನ್ ನಂಬರು, ಒಂದೇ ಪಾತ್ರಕ್ಕೆ ಎರಡು ಹೆಸರು, ಇಂಥದ್ದನ್ನು ಹೇಳಿಸಿಕೊಳ್ಳಲು ಒಂಬತ್ತು ಸಾವಿರ ಕೊಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಓದುವವರನ್ನು ಆರಿಸುವಾಗ ಎರಡು ವಿಷಯ ಕೇಳಿ. ಬೇರೆಯವರಿಗೆ ಕೊಟ್ಟ ಒಂದು ರಿಪೋರ್ಟನ್ನು, ಹೆಸರು ಅಳಿಸಿ, ಮಾದರಿಗೆ ತೋರಿಸಿ ಅನ್ನಿ. ಕನ್ನಡ ಓದಲು ಬರುತ್ತದಾ ಅಂತ ಕೇಳಿ. ಕೊಡುವ ಮೊದಲೇ ತೀರಾ ಹೊಗಳುವವರನ್ನು ಬಿಡಿ. "ಎರಡನೇ ರಿಪೋರ್ಟ್ ತೆಗೆದುಕೊಂಡರೆ ಅಂಕ ಏರಬಹುದು" ಅಂತ ಹೇಳುವವರನ್ನಂತೂ ಖಂಡಿತ ಬಿಡಿ.

ಕಾಪು_ಲೈಟ್‌ಹೌಸ್

ಈಗ ಎಐಗೆ ಹಾಕಿದರೆ ಎರಡು ನಿಮಿಷದಲ್ಲಿ ರಿಪೋರ್ಟ್ ಬರುತ್ತದೆ ಅಂತ ನಮ್ಮ ಹುಡುಗರು ಹೇಳುತ್ತಾರೆ. ಅದರ ಬಗ್ಗೆ ಎಂತ ಹೇಳ್ತೀರಿ?

ಎರಡನೇ_ಓದು

ಸೀನ್ ಪಟ್ಟಿ ಮಾಡಲಿಕ್ಕೆ, ಪಾತ್ರ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಲಿಕ್ಕೆ ಆಗಬಹುದು. ಅದಕ್ಕೆ ಬೇಸರ ಬರುವುದಿಲ್ಲ, ಅದೇ ತೊಂದರೆ. ಓದುವಾಗ ಬೇಸರ ಬಂದದ್ದು ಎಲ್ಲಿ ಅಂತ ತಿಳಿಯಲಿಕ್ಕೇ ಅಲ್ವಾ ನಾವು ಇನ್ನೊಬ್ಬರ ಕೈಗೆ ಕೊಡುವುದು? ಹೆಚ್ಚಾಗಿ ಹೊಗಳಿಕೆಯಿಂದ ಶುರು ಮಾಡುತ್ತದೆ. ತುಳು ಮಾತು ಬಂದಲ್ಲಿ ಅದು ಎಡವಬಹುದು. ದುಡ್ಡು ತೆಗೆದುಕೊಂಡು ಎಐ ರಿಪೋರ್ಟನ್ನೇ ದಾಟಿಸುವವರೂ ಇರಬಹುದು, ಜಾಗ್ರತೆ. ರಿಪೋರ್ಟಿನಲ್ಲಿ ಪುಟದ ನಂಬರು, ಸೀನಿನ ಹೆಸರು, ಪಾತ್ರ ಆಡಿದ ಮಾತು ಏನೂ ಇಲ್ಲದೆ "ಭಾವನಾತ್ಮಕ ಆಳ ಇನ್ನಷ್ಟು ಬೇಕು" ಅಂತ ಮಾತ್ರ ಇದ್ದರೆ ದುಡ್ಡು ವಾಪಸು ಕೇಳಿ.

ಸುವರ್ಣಾ_ತೀರ

ಇಷ್ಟೆಲ್ಲ ಬರೆದದ್ದಕ್ಕೆ ತುಂಬ ಉಪಕಾರ. ಇನ್ನೊಂದು ಹೆದರಿಕೆ ಉಂಟು. ಆರೇಳು ಜನರ ಎದುರು ಓದಿಸುವುದು, ಗುರುತಿಲ್ಲದವರಿಗೆ ಪಿಡಿಎಫ್ ಕಳಿಸುವುದು ಅಂದರೆ ಕಥೆ ಕದ್ದುಹೋಗುವುದಿಲ್ವಾ? ಆ ಬೆಂಗಳೂರಿನವರು ಫಿಲ್ಮ್ ಚೇಂಬರಿನಲ್ಲಿ ಟೈಟಲ್ ರಿಜಿಸ್ಟರ್ ಮಾಡಿಸಿದರೆ ಸಾಕು ಅಂದಿದ್ದರು.

ಕರಂಗಲ್ಪಾಡಿ_ವಕೀಲ

ಟೈಟಲ್ ರಿಜಿಸ್ಟರ್ ಆದರೆ ರಕ್ಷಣೆ ಹೆಸರಿಗೆ ಮಾತ್ರ, ಅದೂ ಚಿತ್ರೋದ್ಯಮದ ಒಳಗಿನ ಏರ್ಪಾಡು. ಕಥೆಗೂ ಅದಕ್ಕೂ ಸಂಬಂಧ ಇಲ್ಲ.

ನೀವು ಬರೆದು ಮುಗಿಸಿದ ಗಳಿಗೆಯಲ್ಲೇ ಕಾಪಿರೈಟ್ ನಿಮ್ಮದಾಗಿದೆ. 1957ರ ಕಾಪಿರೈಟ್ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯ ಅಲ್ಲ. ಹಕ್ಕು ನಿಮ್ಮ ಜೀವಮಾನ ಪೂರ್ತಿ, ಆಮೇಲೆ 60 ವರ್ಷ. ಆದರೆ ನಾಳೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ನೋಂದಣಿಯ ದಾಖಲೆ ಬಹಳ ಸಹಾಯ ಮಾಡುತ್ತದೆ. ಕಾಪಿರೈಟ್ ಆಫೀಸಿನ ವೆಬ್‌ಸೈಟಿನಲ್ಲಿ 14ನೇ ಫಾರ್ಮ್ ತುಂಬಬೇಕು, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಯಾರಾದರೂ ಆಕ್ಷೇಪ ಹಾಕುತ್ತಾರಾ ಅಂತ 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಅಲ್ಲೂ ಆನ್‌ಲೈನಿನಲ್ಲೇ ಸ್ಕ್ರಿಪ್ಟ್ ರಿಜಿಸ್ಟರ್ ಮಾಡಬಹುದು, ಅದು ಬೇಗ ಆಗುತ್ತದೆ.

ಆದರೆ ಒಂದು ತಿಳಿದಿರಿ. ಹಕ್ಕು ಇರುವುದು ನೀವು ಬರೆದ ರೂಪಕ್ಕೆ, ಐಡಿಯಾಕ್ಕೆ ಅಲ್ಲ. 1978ರಲ್ಲಿ ಆರ್.ಜಿ. ಆನಂದ್ ಮತ್ತು ಡೀಲಕ್ಸ್ ಫಿಲ್ಮ್ಸ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ನಾಟಕಕಾರರು ತಮ್ಮ ನಾಟಕವನ್ನು ಸಿನಿಮಾ ಮಾಡಿದ್ದಾರೆ ಅಂತ ದೂರಿದ್ದರು. ವಿಷಯ ಒಂದೇ ಆದರೂ ಅದನ್ನು ಬೆಳೆಸಿದ ರೀತಿ ಬೇರೆ ಅಂತ ಕೋರ್ಟ್ ಅವರ ದೂರನ್ನು ಒಪ್ಪಲಿಲ್ಲ. ಅಳಿಯಕಟ್ಟಿನ ಮನೆ ಪಾಲಾಗುವ ಕಥೆಯನ್ನು ಇನ್ನೊಬ್ಬರು ತಮ್ಮದೇ ರೀತಿಯಲ್ಲಿ ಬರೆದರೆ ನೀವು ತಡೆಯಲು ಆಗುವುದಿಲ್ಲ. ನಿಮ್ಮ ಅಜ್ಜಿ, ನಿಮ್ಮ ಸೀನುಗಳ ಸಾಲು, ನಿಮ್ಮ ಮಾತು ಎತ್ತಿಕೊಂಡರೆ ಆಗ ಕೇಳಬಹುದು. ಹಾಗಾಗಿ ಸ್ಕ್ರಿಪ್ಟ್ ಎಷ್ಟು ವಿವರವಾಗಿ ಬರೆದಿದೆಯೋ ಅಷ್ಟು ಗಟ್ಟಿ ನಿಮ್ಮ ಹಕ್ಕು. ಒಂದು ಸಾಲಿನ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗುವವರಿಗೇ ಅಪಾಯ ಹೆಚ್ಚು.

ಯಾರಿಗೆ ಕಳಿಸಿದರೂ ಇಮೇಲಿನಲ್ಲೇ ಕಳಿಸಿ, ವಾಟ್ಸಾಪ್ ಬೇಡ. ಎದುರು ಕೂತು ಕಥೆ ಹೇಳಿದರೆ ಅದೇ ದಿನ "ಇವತ್ತು ಇಂಥ ಕಥೆ ಹೇಳಿದೆ, ಕೇಳಿದ್ದಕ್ಕೆ ಧನ್ಯವಾದ" ಅಂತ ಒಂದು ಮೇಲ್ ಹಾಕಿ. ದುಡ್ಡು ಕೊಡುವ ವೆಬ್‌ಸೈಟಿನ ನಿಬಂಧನೆಗಳನ್ನು ಪೂರ್ತಿ ಓದಿ. ಸ್ಕ್ರಿಪ್ಟಿನ ಮೇಲೆ ಅವರಿಗೆ ಯಾವುದೇ ಪಾಲು, ಮೊದಲ ಅವಕಾಶ ಅಂತ ಏನಾದರೂ ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಆ 25 ಸಾವಿರದವರು ಕರಾರು ಬರೆದುಕೊಡಲು ತಯಾರಿದ್ದಾರಾ ಅಂತ ಕೇಳಿ ನೋಡಿ. ಯಾವ ಪ್ರೊಡ್ಯೂಸರ್, ಯಾವ ತಾರೀಕಿನೊಳಗೆ, ಆಗದಿದ್ದರೆ ದುಡ್ಡು ವಾಪಸು ಉಂಟಾ ಅಂತ.

ಸುವರ್ಣಾ_ತೀರ

ಕೇಳಿದೆ ಸರ್. "ಇಂಥದ್ದೆಲ್ಲ ನಂಬಿಕೆ ಮೇಲೆ ನಡೆಯುವುದು" ಅಂತ ಉತ್ತರ ಬಂತು. ಅದನ್ನು ಬಿಟ್ಟೆ.

ಇಂಗ್ಲಿಷಿಗೆ ಮಾಡಿಸುವ ಬಗ್ಗೆ ಕೂಡ ಯೋಚನೆ ಉಂಟು. ನನ್ನ ಫೈಲು ಗೂಗಲ್ ಡಾಕ್ಸಿನಲ್ಲಿ ಉಂಟು. ಸಿನಿಮಾದ ಸಾಫ್ಟ್‌ವೇರಿಗೆ ಹಾಕಿದರೆ ಒತ್ತಕ್ಷರ ಎಲ್ಲ ಒಡೆದು ಹೋಯಿತು. ಒಂದು ಪುಟಕ್ಕೆ ಒಂದು ನಿಮಿಷ ಅಂತಾರಲ್ಲ, ನನ್ನದು 148 ಪುಟ ಆಗಿದೆ. ಕಡಿಮೆ ಮಾಡಬೇಕಾ?

ಎರಡನೇ_ಓದು

ಆ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ಕೊರಿಯರ್ ಅಕ್ಷರದಲ್ಲಿ, 12 ಪಾಯಿಂಟಿನಲ್ಲಿ. ಆ ಅಕ್ಷರ ಎಲ್ಲವೂ ಒಂದೇ ಅಗಲ, ಹಾಗಾಗಿ ಪುಟದ ಅಳತೆ ಕೂತಿದೆ. ಕನ್ನಡದಲ್ಲಿ ಫಾಂಟ್ ಬದಲಾದರೆ ಪುಟ ಬದಲಾಗುತ್ತದೆ. ಪುಟ ನೋಡಿ ಕತ್ತರಿಸಬೇಡಿ. ಜೋರಾಗಿ ಓದಿಸುವ ದಿನ ಗಡಿಯಾರ ಇಟ್ಟುಕೊಳ್ಳಿ, ನಿಜವಾದ ಉದ್ದ ಅಲ್ಲಿ ಗೊತ್ತಾಗುತ್ತದೆ. ಯಾರಿಗೆ ಕಳಿಸುವಾಗಲೂ ಪಿಡಿಎಫ್ ಮಾಡಿಯೇ ಕಳಿಸಿ. ಹಳೆ ನುಡಿ ಫಾಂಟಿನ ಫೈಲು ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಬರೀ ಗೀಟು ಕಾಣುತ್ತದೆ.

ಇಂಗ್ಲಿಷಿಗೆ ಈಗಲೇ ಬೇಡ. ಕೇಂದ್ರ ಸರಕಾರದ ಚಲನಚಿತ್ರ ಅಭಿವೃದ್ಧಿ ನಿಗಮ ಎನ್‌ಎಫ್‌ಡಿಸಿಯ ಸ್ಕ್ರೀನ್‌ರೈಟರ್ಸ್ ಲ್ಯಾಬಿಗೆ ಹಾಕುವುದಾದರೆ ಬೇಕಾದೀತು. ಅದು ರಿಪೋರ್ಟ್ ಮಾರುವ ಜಾಗ ಅಲ್ಲ, ಆಯ್ಕೆಯಾದವರ ಜತೆ ಅನುಭವಿಗಳು ಕೂತು ಸ್ಕ್ರಿಪ್ಟ್ ತಿದ್ದಿಸುತ್ತಾರೆ, ಆಮೇಲೆ ಗೋವಾದಲ್ಲಿ ಸಿನಿಮಾದವರು ಸೇರುವ ಫಿಲ್ಮ್ ಬಜಾರಿನಲ್ಲಿ (ಈಗ ಅದರ ಹೆಸರು ವೇವ್ಸ್ ಫಿಲ್ಮ್ ಬಜಾರ್) ಪ್ರೊಡ್ಯೂಸರ್‌ಗಳ ಎದುರು ಹೇಳಲು ಅವಕಾಶ. ಉಡುಪಿಯಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಮಡಗಾಂವ್. ಆಯ್ಕೆ ಆಗದಿದ್ದರೂ ನವೆಂಬರಿನಲ್ಲಿ ಒಮ್ಮೆ ಹೋಗಿ ಅಲ್ಲಿ ಏನು ನಡೆಯುತ್ತದೆ ಅಂತ ವಿಚಾರಿಸಿ ಬನ್ನಿ.

ಸುವರ್ಣಾ_ತೀರ

ಹಾಗಾದರೆ ಹೀಗೆ ಮಾಡುತ್ತೇನೆ. ಮೊದಲು ಕಾಪಿರೈಟ್ ಅರ್ಜಿ. ಆಮೇಲೆ ಜೋರಾಗಿ ಓದಿಸುವುದು, ಅದಕ್ಕೆ ಘಟ್ಟದ ಮೇಲಿನ ಇಬ್ಬರು ಸಹೋದ್ಯೋಗಿಗಳನ್ನು ಕರೆಯುತ್ತೇನೆ. ತಿದ್ದಿದ ಮೇಲೆ ಕನ್ನಡ ಓದಬಲ್ಲ ಒಬ್ಬರಿಗೆ ದುಡ್ಡು ಕೊಟ್ಟು ಒಂದೇ ಒಂದು ರಿಪೋರ್ಟ್. ಅವರಿಗೆ ಏನು ಕೇಳಲಿ ಅಕ್ಕ? ಸುಮ್ನೆ "ಹೇಗಿದೆ" ಅಂದರೆ ಸಾಲದು ಅಲ್ವಾ?

ಎರಡನೇ_ಓದು

ಸಾಲದು. ಅಂಕ ಬೇಡ ಅಂತ ಮೊದಲೇ ಹೇಳಿ, ಆ ಜಾಗದಲ್ಲಿ ಸಾರಾಂಶ ಇನ್ನೊಂದು ಪುಟ ಹೆಚ್ಚು ಬರೆಯಲಿ. ಆಮೇಲೆ, ಮನೆ ಯಾರದ್ದು ಅಂತ ಅವರಿಗೆ ಯಾವ ಸೀನಿನಲ್ಲಿ ಗೊತ್ತಾಯಿತು ಅಂತ ಕೇಳಿ. ಅಜ್ಜಿಯ ತಮ್ಮನ ಮೇಲೆ ಯಾವಾಗ ಸಿಟ್ಟು ಬಂತು, ಅದು ಹೋದದ್ದು ಎಲ್ಲಿ? ಓದುವುದನ್ನು ನಿಲ್ಲಿಸಿ ಎದ್ದು ಹೋಗಬೇಕು ಅನ್ನಿಸಿದ ಪುಟ ಯಾವುದು? ಈ ಕೊನೆಯದಕ್ಕೆ ನಿಜ ಹೇಳುವವರು ಸಿಕ್ಕಿದರೆ ಅವರನ್ನು ಬಿಡಬೇಡಿ.

ಸುವರ್ಣಾ_ತೀರ

ಸರಿ ಅಕ್ಕ, ಬರೆದಿಟ್ಟುಕೊಂಡೆ. ಓದಿಸುವ ದಿನಕ್ಕೆ ಅಜ್ಜಿಯ ಪಾತ್ರ ಓದಲು ಯಾರಾದರೂ ಬೇಕು. ನನ್ನ ಗೆಳತಿಯರಿಗೆ ಆ ತುಳು ಬಾಯಿಗೆ ಬರುವುದಿಲ್ಲ.

ರಂಗಸ್ಥಳ_ಕುಡ್ಲ

ನಮ್ಮ ತಂಡದಲ್ಲಿ ಒಬ್ಬರಿದ್ದಾರೆ ಮಗಳೇ, ಎಪ್ಪತ್ತು ದಾಟಿದೆ, ಮಾತು ಇನ್ನೂ ಖಡಕ್. ಮೆಸೇಜಿನಲ್ಲಿ ನಂಬರ್ ಕಳಿಸುತ್ತೇನೆ. ಅವರಿಗೆ ಮೊಬೈಲಿನಲ್ಲಿ ಓದಲು ಆಗುವುದಿಲ್ಲ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಯಿರಿ. ಎಲ್ಲರ ಪ್ರತಿಯೂ ಒಂದೇ ಬದಿಗೆ ಇರಲಿ, ಹಿಂದಿನ ಬದಿಯಲ್ಲಿ ಅವರು ಬರೆದುಕೊಳ್ಳುತ್ತಾರೆ. ಓದಿ ಮುಗಿದ ಮೇಲೆ ಆ ಪ್ರತಿಗಳನ್ನೆಲ್ಲ ಮರೆಯದೆ ವಾಪಸು ತೆಗೆದುಕೊಳ್ಳಿ. ವಕೀಲರು ಹೇಳಿದ್ದಕ್ಕೂ ಆಯಿತು, ಗೆರೆ ಎಳೆದದ್ದು ಎಲ್ಲಿ ಅಂತ ನಿಮಗೆ ನೋಡಲಿಕ್ಕೂ ಆಯಿತು.